ಬೆಂಗಳೂರಿನ ಆಫರ್ ಬಂದಿದೆ, ಹೋಗೋದಾ ಬೇಡ್ವಾ?

ಮೈಸೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವರಿಗೆ ಈ ಪ್ರಶ್ನೆ ವರ್ಷಕ್ಕೊಮ್ಮೆಯಾದರೂ ಎದುರಾಗುತ್ತೆ. ರಿಕ್ರೂಟರ್ ಫೋನ್ ಮಾಡ್ತಾರೆ, ಸಂಬಳ ಹೇಳ್ತಾರೆ, ಕೊನೆಯಲ್ಲಿ ಒಂದೇ ಒಂದು ಸಾಲು ಸೇರಿಸ್ತಾರೆ: "ಬೆಂಗಳೂರಿಗೆ ಶಿಫ್ಟ್ ಆಗೋಕೆ ರೆಡಿ ಇದೀರಾ?" ಕೆಲಸ ಗೊತ್ತು, ಊರೂ ಗೊತ್ತು, ದೂರ ಬರೀ ನೂರೈವತ್ತು ಕಿಲೋಮೀಟರ್. ಆದರೂ ಉತ್ತರ ಹೇಳೋಕೆ ಒಂದು ವಾರ ನಿದ್ದೆ ಬರಲ್ಲ.

ಪೇಪರ್ ತೆಗೆದು ಎರಡು ಕಾಲಂ ಹಾಕ್ತೀವಿ. ಒಂದು ಕಡೆ ಸಂಬಳ, ಕರಿಯರ್. ಇನ್ನೊಂದು ಕಡೆ ಮನೆ, ಅಪ್ಪ ಅಮ್ಮ, ಟ್ರಾಫಿಕ್. ಎರಡೂ ಕಾಲಂ ಸರಿಸಮ ಬರುತ್ತೆ, ಪೇಪರ್ ಹರಿದು ಬಿಸಾಡ್ತೀವಿ. ಆಮೇಲೆ ಯಾರೋ ಒಬ್ಬರು "ಹೋಗು, ಇಂಥಾ ಚಾನ್ಸ್ ಮತ್ತೆ ಬರಲ್ಲ" ಅಂತಾರೆ. ಇನ್ನೊಬ್ಬರು "ಇಷ್ಟು ನೆಮ್ಮದಿ ಬಿಟ್ಟು ಅಲ್ಲಿಗೆ ಯಾಕೆ?" ಅಂತಾರೆ. ಎರಡು ಮಾತೂ ನಿಜ ಅನ್ನಿಸುತ್ತೆ.

ನನಗೂ ಅಂಥದ್ದೊಂದು ಆಫರ್ ಬಂತು. ನಾನಿರೋದು ಗೋಕುಲಂನಲ್ಲಿ. ಗಂಡ ಇಲ್ಲೇ ಒಂದು ಪಿಯು ಕಾಲೇಜಿನಲ್ಲಿ ಲೆಕ್ಚರರ್. ನಾಲ್ಕು ವರ್ಷದ ಮಗಳು ಎಲ್‌ಕೆಜಿ. ಎರಡು ರಸ್ತೆ ಆಚೆ ಅಮ್ಮನ ಮನೆ. ಹೊಸ ಕಂಪನಿ ಇರೋದು ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ, ಬೆಳ್ಳಂದೂರಿನ ಹತ್ತಿರ. ವಾರಕ್ಕೆ ಮೂರು ದಿನ ಆಫೀಸಿಗೆ ಬರಲೇಬೇಕು. ಈ ಲೆಕ್ಕ ಹಾಕೋಕೆ ಕೂತಾಗ ಕಲಿತದ್ದನ್ನು ಇಲ್ಲಿ ಬರೀತಿದೀನಿ. ನಿಮ್ಮ ಲೆಕ್ಕದ ಅಂಕಿಗಳು ಬೇರೆ ಇರುತ್ತವೆ, ಆದರೆ ಲೆಕ್ಕ ಹಾಕೋ ರೀತಿ ಹೆಚ್ಚುಕಮ್ಮಿ ಇದೇ.

ಇದು ಹೊಸ ಪ್ರಶ್ನೆ ಅಲ್ಲ

ಮೈಸೂರಿನ ಕೆಲಸಗಳು ಬೆಂಗಳೂರಿಗೆ ಹೋಗೋದು ನಮ್ಮ ಕಾಲದಲ್ಲಿ ಶುರುವಾಗಿದ್ದಲ್ಲ. 1831ರಲ್ಲಿ ಬ್ರಿಟಿಷರು ಮೈಸೂರು ಸಂಸ್ಥಾನದ ಆಡಳಿತವನ್ನು ಕೈಗೆ ತೆಗೆದುಕೊಂಡಾಗ ಆಡಳಿತ ಕೇಂದ್ರ ಬೆಂಗಳೂರಿಗೆ ಹೋಯಿತು. ಅರಮನೆ ಇಲ್ಲೇ ಉಳಿಯಿತು, ಕಚೇರಿಗಳು ಅಲ್ಲಿಗೆ ಹೋದವು. ಆಗಿನಿಂದಲೂ ನೌಕರಿಗೆ ಬೆಂಗಳೂರು, ಬದುಕೋಕೆ ಮೈಸೂರು ಅನ್ನೋ ಮಾತು ಒಂದಲ್ಲ ಒಂದು ರೂಪದಲ್ಲಿ ನಮ್ಮ ಮನೆಗಳಲ್ಲಿ ಕೇಳಿ ಬರ್ತಾನೇ ಇದೆ.

ಗೋಕುಲಂನ ಬೀದಿಗಳಲ್ಲಿ ನಡೆದರೆ ಇದು ಕಣ್ಣಿಗೆ ಕಾಣುತ್ತೆ. ರಿಟೈರ್ ಆದ ಬ್ಯಾಂಕಿನವರು, ಮೇಷ್ಟ್ರುಗಳು, ಸರ್ಕಾರಿ ನೌಕರರು ಕಟ್ಟಿಸಿದ ಮನೆಗಳು. ಮೇಲಿನ ಮಹಡಿ ಮಗನಿಗೋ ಮಗಳಿಗೋ ಅಂತ ಕಟ್ಟಿಸಿದ್ದು. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ ಅಂತ ಹೋದರು. ಮೇಲಿನ ಮಹಡಿಯಲ್ಲಿ ಈಗ ಯೋಗ ಕಲಿಯೋಕೆ ಬಂದ ವಿದೇಶಿಯರು ಬಾಡಿಗೆಗಿದ್ದಾರೆ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗಶಾಲೆ 2002ರಲ್ಲಿ ಲಕ್ಷ್ಮೀಪುರಂನಿಂದ ಗೋಕುಲಂಗೆ ಬಂದ ಮೇಲೆ ನಮ್ಮ ಬಡಾವಣೆಯ ಬಾಡಿಗೆಯೂ ಬದಲಾಯಿತು, ಬೆಳಗಿನ ಹೊತ್ತಿನ ನೋಟವೂ ಬದಲಾಯಿತು.

ನಮ್ಮ ಮನೆ ಮೇಲೆ ಬಾಡಿಗೆಗಿದ್ದ ಒಬ್ಬ ಯೋಗ ವಿದ್ಯಾರ್ಥಿನಿಯನ್ನು ನಮ್ಮಮ್ಮ ಒಮ್ಮೆ ಕೇಳಿದ್ರು, "ಇಷ್ಟು ದೂರ ಬಂದಿದೀಯಲ್ಲಮ್ಮ, ಮನೆ ನೆನಪಾಗಲ್ವಾ?" ಅಂತ. ಅವಳು ಹೇಳಿದ್ದು: ಮೂರು ತಿಂಗಳಿಗೆ ಬಂದಿದೀನಿ, ಇಂಥದ್ದು ಕಲಿಯೋಕೆ ಬಂದಿದೀನಿ, ಇಂಥ ತಾರೀಖಿಗೆ ವಾಪಸ್ ಹೋಗ್ತೀನಿ. ಅಷ್ಟೇ.

ಯಾಕೆ ಹೋಗ್ತಿದೀನಿ, ಎಷ್ಟು ದಿನಕ್ಕೆ, ವಾಪಸ್ ಬರೋದು ಹೇಗೆ. ಈ ಮೂರು ಪ್ರಶ್ನೆಗೆ ಉತ್ತರ ಇಟ್ಟುಕೊಂಡು ಸಮುದ್ರ ದಾಟಿ ಬಂದವರು ನಮ್ಮ ಮಹಡಿಯಲ್ಲಿದ್ದಾರೆ. ಮಂಡ್ಯ ದಾಟಿ ಹೋಗೋ ನಾವು ಮಾತ್ರ ಸಂಬಳದ ಅಂಕಿ ಒಂದನ್ನೇ ನೋಡ್ತೀವಿ. ಅಲ್ಲಿಂದಲೇ ಶುರು ಮಾಡೋಣ.

ಆರು ಲಕ್ಷ ಹೆಚ್ಚು ಅಂದ್ರೆ ಕೈಗೆ ಎಷ್ಟು?

ನನ್ನ ಸಿಟಿಸಿ 13 ಲಕ್ಷ ಇತ್ತು. ಆಫರ್ 19 ಲಕ್ಷ. ವರ್ಷಕ್ಕೆ 6 ಲಕ್ಷ ಅಂದ್ರೆ ತಿಂಗಳಿಗೆ 50,000 ಜಾಸ್ತಿ ಅಂತ ಮನಸ್ಸು ತಕ್ಷಣ ಲೆಕ್ಕ ಹಾಕುತ್ತೆ. ಕೈಗೆ ಬರೋದು ಅಷ್ಟಲ್ಲ.

ಸಿಟಿಸಿ ಒಳಗೆ ಕಂಪನಿ ಕಟ್ಟೋ ಪಿಎಫ್ ಇರುತ್ತೆ, ಗ್ರಾಚ್ಯುಟಿಗೆ ಅಂತ ತೆಗೆದಿಟ್ಟ ಹಣ ಇರುತ್ತೆ. ಅವೆರಡನ್ನೂ ಕಳೆಯಿರಿ. ಆಮೇಲೆ ತೆರಿಗೆ. 2025ರ ಬಜೆಟ್‌ನಲ್ಲಿ ಬಂದ ಬದಲಾವಣೆಯ ಪ್ರಕಾರ ಹೊಸ ತೆರಿಗೆ ಪದ್ಧತಿಯಲ್ಲಿ ತೆರಿಗೆಗೆ ಒಳಪಡೋ ಆದಾಯ 12 ಲಕ್ಷದವರೆಗೆ ಇದ್ದರೆ ತೆರಿಗೆ ಇಲ್ಲ. ಸಂಬಳದಾರರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷದವರೆಗೆ ಸೊನ್ನೆ. 13 ಲಕ್ಷ ಸಿಟಿಸಿಯಲ್ಲಿ ಪಿಎಫ್, ಗ್ರಾಚ್ಯುಟಿ ತೆಗೆದರೆ ನಾನು ಆ ಗೆರೆಯ ಒಳಗಿದ್ದೆ. ತೆರಿಗೆ ಸೊನ್ನೆ. 19 ಲಕ್ಷಕ್ಕೆ ಹೋದ ಕೂಡಲೇ ಗೆರೆ ದಾಟುತ್ತೆ. ಆಗ 12 ಲಕ್ಷದ ಮೇಲಿನ ಹಣಕ್ಕೆ ಮಾತ್ರ ಅಲ್ಲ, 4 ಲಕ್ಷದ ಮೇಲಿನ ಎಲ್ಲ ಹಂತಗಳಿಗೂ ತೆರಿಗೆ ಬೀಳುತ್ತೆ. ವರ್ಷಕ್ಕೆ ಸುಮಾರು 1.57 ಲಕ್ಷ.

ಪಿಎಫ್ ತಿಂಗಳಿಗೆ 1,800 ಕಡಿತ, ವೇರಿಯಬಲ್ ಪೇ ಇಲ್ಲ, ಬೇಸಿಕ್ ಅರ್ಧ ಅಂತ ಇಟ್ಟುಕೊಂಡರೆ, ಮೊದಲು ಕೈಗೆ ಬರ್ತಿದ್ದದ್ದು ತಿಂಗಳಿಗೆ ಸುಮಾರು 1,02,000. ಈಗ ಬರೋದು ಸುಮಾರು 1,37,500. ವ್ಯತ್ಯಾಸ 35,500. ಐವತ್ತು ಸಾವಿರ ಅಂದುಕೊಂಡದ್ದರಲ್ಲಿ ಹದಿನಾಲ್ಕೂವರೆ ಸಾವಿರ ಮನೆ ಬಾಗಿಲಿಗೇ ಬರಲಿಲ್ಲ.

ಹಾಗಾಗಿ ಮೊದಲ ಕೆಲಸ, ಎಚ್‌ಆರ್ ಹತ್ರ ತಿಂಗಳ ಸಂಬಳದ ಪೂರ್ತಿ ವಿಂಗಡಣೆ ಕೇಳಿ. ವೇರಿಯಬಲ್ ಪೇ ಇದ್ದರೆ ಅದು ಖಾತ್ರಿ ಇಲ್ಲದ ಹಣ, ಲೆಕ್ಕದಿಂದ ಹೊರಗಿಡಿ. ಜಾಯಿನಿಂಗ್ ಬೋನಸ್ ಒಂದೇ ಸಲ ಬರೋದು, ಅದೂ ಹೊರಗೆ. ಬೆಂಗಳೂರಿನಲ್ಲಿ ಬಾಡಿಗೆ ಜಾಸ್ತಿ ಕಟ್ತೀನಲ್ಲ, ಎಚ್‌ಆರ್‌ಎ ವಿನಾಯಿತಿ ಸಿಗುತ್ತಲ್ಲ ಅಂದ್ರೆ, ಹೊಸ ತೆರಿಗೆ ಪದ್ಧತಿಯಲ್ಲಿ ಆ ವಿನಾಯಿತಿ ಇಲ್ಲ. ಹಳೆ ಪದ್ಧತಿಯಲ್ಲಿ ಮಾತ್ರ. ಎರಡರಲ್ಲೂ ಲೆಕ್ಕ ಹಾಕಿ ನೋಡಿ.

ಎಲ್ಲರೂ ಹೋದರೆ

ಮೊದಲ ದಾರಿ, ಸಂಸಾರ ಸಮೇತ ಹೋಗೋದು. ಗೋಕುಲಂನಲ್ಲಿ ನಮ್ಮ ಎರಡು ರೂಮಿನ ಮನೆಗೆ ಬಾಡಿಗೆ 18,000. ಬೆಳ್ಳಂದೂರಿನ ಕಡೆ ಅಂಥದ್ದೇ ಮನೆಗೆ ನಮಗೆ ಹೇಳಿದ್ದು ಮೇಂಟೆನೆನ್ಸ್ ಸೇರಿ 38,000. ಅಲ್ಲಿಗೆ 20,000 ಹೋಯಿತು. ಮಗಳನ್ನು ಮಧ್ಯಾಹ್ನದಿಂದ ಸಂಜೆವರೆಗೆ ನೋಡಿಕೊಳ್ಳೋದು ಇಲ್ಲಿ ನಮ್ಮಮ್ಮ. ಅಲ್ಲಿ ಡೇ ಕೇರ್, ತಿಂಗಳಿಗೆ 12,000. ಒಟ್ಟು 32,000. ಉಳಿದದ್ದು 3,500. ಗಂಡನಿಗೆ ಅಲ್ಲಿ ಹೊಸ ಕೆಲಸ ಸಿಗೋವರೆಗೆ ಅವರ ಸಂಬಳವೂ ಇಲ್ಲ. ಅಂದರೆ 19 ಲಕ್ಷದ ಕೆಲಸಕ್ಕೆ ಹೋಗಿ ಮೊದಲಿಗಿಂತ ಬಡವರಾಗ್ತೀವಿ.

ಇದರ ಮೇಲೆ ಅಡ್ವಾನ್ಸ್. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳೋ ಹಳೇ ರೂಢಿ ಇನ್ನೂ ಪೂರ್ತಿ ಹೋಗಿಲ್ಲ, ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬೇಡ ಅನ್ನುತ್ತೆ. ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಅಷ್ಟೇ. ಮನೆ ಓನರ್ ಎದುರು ಚೌಕಾಸಿ ಮಾಡೋವಾಗ ಹೇಳೋಕೊಂದು ಮಾತಾಯ್ತು. ಹನ್ನೊಂದು ತಿಂಗಳ ಅಗ್ರಿಮೆಂಟ್ ಯಾಕೆ ಅಂತ ಕೇಳಿದರೆ, ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು, ಅದರಿಂದ ತಪ್ಪಿಸಿಕೊಳ್ಳೋಕೆ. ನಮಗೆ ಬೇಕಾದದ್ದು ಇನ್ನೊಂದು: ಮಧ್ಯದಲ್ಲಿ ಬಿಟ್ಟರೆ ಎಷ್ಟು ಹಣ ಹಿಡಿಯುತ್ತಾರೆ ಅನ್ನೋ ಸಾಲು. ಸಹಿ ಹಾಕೋ ಮೊದಲು ಅದನ್ನು ಹುಡುಕಿ ಓದಿ.

ನೀರಿನ ಬಗ್ಗೆಯೂ ಕೇಳಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಹೊರವಲಯದ ಬಡಾವಣೆಗಳು ಟ್ಯಾಂಕರಿಗಾಗಿ ಕಾದದ್ದು ನೆನಪಿದೆಯಲ್ಲ. ಕಾವೇರಿ ನೀರು ನಮಗೆ ಪಕ್ಕದಿಂದ ಬರುತ್ತೆ. ಅಲ್ಲಿಗೆ ಸುಮಾರು ನೂರು ಕಿಲೋಮೀಟರ್ ಪಂಪ್ ಮಾಡಿ ಕಳಿಸಬೇಕು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾದ ಮೇಲೆ ಹೊರವಲಯಕ್ಕೂ ನೀರು ಬರ್ತಿದೆ. ನೀವು ನೋಡ್ತಿರೋ ಮನೆಗೆ ಸಂಪರ್ಕ ಇದೆಯೋ, ಬೋರ್‌ವೆಲ್ಲೋ, ಟ್ಯಾಂಕರೋ ಅಂತ ಅಲ್ಲಿ ಕೆಳಗಿನ ಮನೆಯವರನ್ನ ಕೇಳಿದರೆ ನಿಜ ಗೊತ್ತಾಗುತ್ತೆ.

ದಿನಾ ಓಡಾಡಿದರೆ

"ಈಗ ಹೈವೇ ಆಗಿದೆಯಲ್ಲ, ಒಂದೂವರೆ ಗಂಟೆ!" ಅಂತ ಎಲ್ಲರೂ ಹೇಳ್ತಾರೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದ 118 ಕಿಲೋಮೀಟರಿನ ಹೆದ್ದಾರಿ ನಿಜಕ್ಕೂ ಸಮಯ ಉಳಿಸಿದೆ. ಆದರೆ ಆ ಒಂದೂವರೆ ಗಂಟೆ ಊರಿಂದ ಊರಿನ ಅಂಚಿಗೆ. ಕೆಂಗೇರಿಗೆ ಬಂದ ಮೇಲೆ ಬೆಂಗಳೂರು ಶುರು. ಟಾಮ್‌ಟಾಮ್ ಸಂಸ್ಥೆಯ 2024ರ ಟ್ರಾಫಿಕ್ ವರದಿ ಪ್ರಕಾರ ಬೆಂಗಳೂರಿನ ಒಳಗೆ 10 ಕಿಲೋಮೀಟರ್ ಹೋಗೋಕೆ ಸರಾಸರಿ 34 ನಿಮಿಷ ಬೇಕಿತ್ತು. ಕೆಂಗೇರಿಯಿಂದ ಬೆಳ್ಳಂದೂರು ಅಂದರೆ ಊರಿನ ಈ ತುದಿಯಿಂದ ಆ ತುದಿ.

ರೈಲಿನ ಕಥೆ ಬೇರೆ. ಬೆಳಗ್ಗೆ ಮೈಸೂರು ಬಿಟ್ಟು ಸಂಜೆ ವಾಪಸ್ ಬರೋ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ವರ್ಷಗಟ್ಟಲೆಯಿಂದ ಸೀಸನ್ ಪಾಸ್ ಇಟ್ಟುಕೊಂಡು ಓಡಾಡುವವರಿದ್ದಾರೆ. ಮಂಡ್ಯ, ಮದ್ದೂರು, ರಾಮನಗರದವರೂ ಹತ್ತುತ್ತಾರೆ. ಸೀಟು ಹಿಡಿದುಕೊಡೋ ಗೆಳೆತನ, ಮೊಳಕೆ ಕಾಳಿನ ಡಬ್ಬಿ, ಇಸ್ಪೀಟು, ಎಲ್ಲ ಇದೆ. ನಿಮ್ಮ ಆಫೀಸು ಮೆಜೆಸ್ಟಿಕ್ ಸುತ್ತಮುತ್ತ ಅಥವಾ ನೇರಳೆ ಮೆಟ್ರೋ ಮಾರ್ಗದ ಪಕ್ಕ ಇದ್ದರೆ ವಾರಕ್ಕೆ ಎರಡು ದಿನ ಹೀಗೆ ಹೋಗಿಬರೋದು ಕಷ್ಟವಾದರೂ ಸಾಧ್ಯ. ಆ ಮಾರ್ಗ 2023ರ ಅಕ್ಟೋಬರ್‌ನಿಂದ ಮೈಸೂರು ರಸ್ತೆಯ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡ್ತಿದೆ. ಎಲೆಕ್ಟ್ರಾನಿಕ್ ಸಿಟಿ ಕಡೆಯವರಿಗೆ 2025ರ ಆಗಸ್ಟ್‌ನಿಂದ ಹಳದಿ ಮಾರ್ಗವೂ ಇದೆ.

ನನ್ನ ಲೆಕ್ಕದಲ್ಲಿ ಗೋಕುಲಂ ಮನೆ ಬಾಗಿಲಿಂದ ಬೆಳ್ಳಂದೂರಿನ ಸೀಟಿಗೆ ನಾಲ್ಕು ಗಂಟೆ, ವಾಪಸ್ ನಾಲ್ಕು ಗಂಟೆ. ಎಂಟು ಗಂಟೆ ಕೆಲಸ, ಎಂಟು ಗಂಟೆ ಓಡಾಟ. ಈ ದಾರಿ ಅಲ್ಲೇ ಬಿಟ್ಟೆ. ನೀವು ಲೆಕ್ಕ ಹಾಕೋವಾಗ ಗೂಗಲ್ ಮ್ಯಾಪ್ ತೆಗೆದು ಭಾನುವಾರ ಮಧ್ಯಾಹ್ನ ನೋಡಬೇಡಿ. ಕೆಲಸದ ದಿನ ಬೆಳಗ್ಗೆ ಒಂಬತ್ತಕ್ಕೆ ನೋಡಿ. ಸಾಧ್ಯವಾದರೆ ಒಂದು ಮಂಗಳವಾರ ರಜೆ ಹಾಕಿ ನಿಜವಾಗಲೂ ಹೋಗಿ ಬನ್ನಿ.

ವಾರಕ್ಕೆ ಎರಡು ರಾತ್ರಿ

ಉಳಿದದ್ದು ಮೂರನೇ ದಾರಿ. ಮಂಗಳವಾರ ನಸುಕಿನಲ್ಲಿ ಬಸ್ಸು ಹತ್ತೋದು, ಮಂಗಳ, ಬುಧ ಎರಡು ರಾತ್ರಿ ಪಿಜಿಯಲ್ಲಿ ಇರೋದು, ಗುರುವಾರ ರಾತ್ರಿ ಮನೆ. ಸೋಮವಾರ, ಶುಕ್ರವಾರ ಮನೆಯಿಂದಲೇ ಕೆಲಸ. ಪಿಜಿಯವರು ಎರಡು ರಾತ್ರಿ ಅಂತ ಲೆಕ್ಕ ಹಾಕಲ್ಲ, ತಿಂಗಳ ಪೂರ್ತಿ ಹಣ ಕೊಡಬೇಕು: 13,000. ಓಡಾಟ 5,500. ನಾನಿಲ್ಲದ ದಿನಗಳಲ್ಲಿ ಅಮ್ಮನಿಗೆ ಸಹಾಯಕ್ಕೆ ಒಬ್ಬರು: 6,000. ಒಟ್ಟು 24,500. ಕೈಯಲ್ಲಿ ಉಳಿಯೋದು ತಿಂಗಳಿಗೆ 11,000.

ಆರು ಲಕ್ಷದ ಹೈಕ್ ಕೊನೆಗೆ ಹನ್ನೊಂದು ಸಾವಿರ ಆಯ್ತು. ಇಷ್ಟಕ್ಕೇ ಆಗಿದ್ದರೆ ನಾನು ಹೋಗ್ತಿರಲಿಲ್ಲ. ಹನ್ನೊಂದು ಸಾವಿರಕ್ಕೆ ವಾರದಲ್ಲಿ ಎರಡು ರಾತ್ರಿ ಮಗಳಿಂದ ದೂರ ಇರೋದು ನಷ್ಟದ ವ್ಯಾಪಾರ. ಹಣದ ಲೆಕ್ಕದಿಂದ ನನಗೆ ಆದ ದೊಡ್ಡ ಉಪಕಾರ ಅಂದ್ರೆ ಇದೇ. ಹಣವನ್ನ ಪಕ್ಕಕ್ಕಿಟ್ಟು ನೋಡೋಕೆ ಸಾಧ್ಯ ಆಯ್ತು.

ಹಾಗಾದರೆ ಯಾಕೆ ಹೋಗಬೇಕು?

ಮೈಸೂರಿನಲ್ಲಿ ಐಟಿ ಇಲ್ಲ ಅಂತ ಹೇಳೋ ಹಾಗಿಲ್ಲ. ಹೆಬ್ಬಾಳದಲ್ಲಿ ಇನ್ಫೋಸಿಸ್‌ನ ಅಷ್ಟು ದೊಡ್ಡ ಕ್ಯಾಂಪಸ್ಸು, ಟ್ರೈನಿಂಗ್ ಸೆಂಟರ್ ಇದೆ. ವಿಪ್ರೋ, ಎಲ್‌ಟಿಐಮೈಂಡ್‌ಟ್ರೀ ಇವೆ. ಇಲ್ಲೇ ಹುಟ್ಟಿ ಬೆಳೆದ ಎಕ್ಸೆಲ್‌ಸಾಫ್ಟ್ ಇದೆ, ಎಲೆಕ್ಟ್ರಾನಿಕ್ಸ್‌ನಲ್ಲಿ ಕೇನ್ಸ್ ಇದೆ. ಎಂಜಿನಿಯರುಗಳಿಗೂ ಬರವಿಲ್ಲ: 1946ರ ಎನ್‌ಐಇ, 1963ರ ಎಸ್‌ಜೆಸಿಇ, ನಮ್ಮ ಗೋಕುಲಂ ಮೂರನೇ ಹಂತದಲ್ಲೇ ವಿದ್ಯಾವರ್ಧಕ ಕಾಲೇಜು. ಸರ್ಕಾರವೂ ಬೆಂಗಳೂರಿನಾಚೆ ಉದ್ಯೋಗ ಬೆಳೆಸೋಕೆ ಕರ್ನಾಟಕ ಡಿಜಿಟಲ್ ಎಕಾನಮಿ ಮಿಷನ್ ಮೂಲಕ ಮೈಸೂರು, ಮಂಗಳೂರು, ಹುಬ್ಬಳ್ಳಿ ಕಡೆಗಳನ್ನು ಮುಂದೆ ತರ್ತಿದೆ.

ಕಂಪನಿಗಳೂ ಕೆಲವೊಮ್ಮೆ ಹಿಮ್ಮುಖ ಪ್ರಯಾಣಕ್ಕೆ ಹಣ ಕೊಡ್ತವೆ. 2024ರಲ್ಲಿ ಇನ್ಫೋಸಿಸ್ ತನ್ನ ಹುಬ್ಬಳ್ಳಿ ಕ್ಯಾಂಪಸ್‌ಗೆ ಹೋಗೋಕೆ ಒಪ್ಪೋ ಉದ್ಯೋಗಿಗಳಿಗೆ ಹುದ್ದೆಗೆ ತಕ್ಕಂತೆ ಒಟ್ಟು 1.25 ಲಕ್ಷದಿಂದ 8 ಲಕ್ಷದವರೆಗೆ ಪ್ರೋತ್ಸಾಹಧನ ಘೋಷಿಸಿತು. ಉತ್ತರ ಕರ್ನಾಟಕದವರು ಊರಿಗೆ ಹತ್ತಿರ ಬರಬಹುದಾದ ಅವಕಾಶ. ನೀವು ಬಹುರಾಜ್ಯ ಕಂಪನಿಯಲ್ಲಿದ್ದರೆ ಕೆಲಸ ಬಿಡೋ ಮೊದಲು ಒಳಗೇ ಇಂಥ ವರ್ಗಾವಣೆ ಇದೆಯಾ ಅಂತ ಕೇಳೋದು ಒಳ್ಳೇದು.

ಆದರೂ ಒಂದು ಮಾತು ನಿಜ. ನಾನು ಮಾಡೋ ಕೆಲಸಕ್ಕೆ ಮೈಸೂರಿನಲ್ಲಿ ಇರೋ ಬಾಗಿಲುಗಳನ್ನ ಒಂದು ಕೈಯಲ್ಲಿ ಎಣಿಸಬಹುದು. ಒಂದು ಕಡೆ ಕೆಲಸ ಹೋದರೆ ಇನ್ನೊಂದು ಕಡೆ ಖಾಲಿ ಆಗೋವರೆಗೆ ಕಾಯಬೇಕು. ಆರು ವರ್ಷ ಒಂದು ಹಳೆಯ ವ್ಯವಸ್ಥೆಯ ಸಪೋರ್ಟ್ ಕೆಲಸ ಮಾಡಿದೆ. ರಾತ್ರಿ ಟಿಕೆಟ್ ಬಂದರೆ ಬಗೆಹರಿಸೋದು, ಬೆಳಗ್ಗೆ ವರದಿ ಕಳಿಸೋದು. ಕೆಲಸ ಕಷ್ಟವಿರಲಿಲ್ಲ. ಆದರೆ ಮೂವತ್ತನೇ ವಯಸ್ಸಿಗೆ ನನ್ನ ರೆಸ್ಯೂಮೆಯಲ್ಲಿ "ನಾನು ಕಟ್ಟಿದ್ದು" ಅಂತ ತೋರಿಸೋಕೆ ಒಂದು ಸಾಲೂ ಇರಲಿಲ್ಲ. ಹೊಸ ಕೆಲಸ ಹಣ ಪಾವತಿಯ ವ್ಯವಸ್ಥೆಯನ್ನು ಮೊದಲಿಂದ ಕಟ್ಟೋದು. ಎರಡು ವರ್ಷ ಅದನ್ನ ಮಾಡಿದರೆ ಮೈಸೂರಿನಿಂದಲೇ ಪೂರ್ತಿ ರಿಮೋಟ್ ಕೆಲಸಕ್ಕೆ ಅರ್ಜಿ ಹಾಕೋ ಧೈರ್ಯ ಬರುತ್ತೆ. ಅಂದರೆ ನಾನು ಬೆಂಗಳೂರಿಗೆ ಹೋಗೋದು ಮೈಸೂರಿನಲ್ಲಿ ಉಳಿಯೋಕೆ.

ನಿಮಗೂ ಹೀಗೆ ಒಂದೇ ವಾಕ್ಯದಲ್ಲಿ ಕಾರಣ ಹೇಳೋಕೆ ಬರುತ್ತಾ ನೋಡಿ. "ಗ್ರೋತ್ ಇದೆ" ಅನ್ನೋದು ಕಾರಣ ಅಲ್ಲ. ಎರಡು ವರ್ಷ ಆದ ಮೇಲೆ ಇಲ್ಲಿ ಇದ್ದುಕೊಂಡು ಕಲಿಯೋಕಾಗದ ಯಾವ ಕೆಲಸ ನಿಮಗೆ ಬಂದಿರುತ್ತೆ? ಅದಕ್ಕೆ ಉತ್ತರ ಸಿಗದಿದ್ದರೆ ಆ ಹೈಕು ಬಾಡಿಗೆ ಮನೆಯ ಓನರಿಗೆ ಹೋಗೋ ಹಣ ಅಷ್ಟೇ.

ಕೇಳಬೇಕಾದ್ದನ್ನ ಮೊದಲೇ ಕೇಳಿ

1909ರಲ್ಲಿ ವಿಶ್ವೇಶ್ವರಯ್ಯನವರಿಗೆ ಮೈಸೂರು ಸಂಸ್ಥಾನದ ಚೀಫ್ ಎಂಜಿನಿಯರ್ ಆಗಲು ಕರೆ ಬಂತು. ಬಾಂಬೆ ಸರ್ಕಾರದ ನೌಕರಿ ಬಿಟ್ಟು, ಹೈದರಾಬಾದಿನ ಮೂಸಿ ಪ್ರವಾಹದ ಕೆಲಸ ಮಾಡ್ತಿದ್ದ ಕಾಲ. ಅವರು ತಕ್ಷಣ ಒಪ್ಪಲಿಲ್ಲ. ತಾಂತ್ರಿಕ ಶಿಕ್ಷಣ, ಕೈಗಾರಿಕೆ ಬೆಳೆಸೋ ವಿಷಯದಲ್ಲಿ ಸರ್ಕಾರದ ಮನಸ್ಸು ಏನಿದೆ ಅಂತ ಮೊದಲು ಕೇಳಿ ತಿಳಿದುಕೊಂಡ್ರು. ಅವರಿಗೆ ಬೇಕಿದ್ದ ಕೆಲಸ ಅಲ್ಲಿ ಸಿಗುತ್ತಾ ಅನ್ನೋದು ಅವರ ಪ್ರಶ್ನೆ. ನಮಗೆ ಆಫರ್ ಲೆಟರ್ ಬಂದರೆ ಪ್ರಶ್ನೆ ಕೇಳೋಕೇ ಭಯ, ಎಲ್ಲಿ ವಾಪಸ್ ತಗೋತಾರೋ ಅಂತ. ಮರ್ಯಾದೆಯಿಂದ ಕೇಳಿದರೆ ಯಾರೂ ತಗೊಳ್ಳಲ್ಲ. ನಾನು ಕೇಳಿದ್ದು ಇವು.

ಆಫೀಸಿಗೆ ಬರಬೇಕಾದ ಮೂರು ದಿನ ಒಟ್ಟೊಟ್ಟಿಗೆ ಇರಬಹುದಾ? ಇಮೇಲ್‌ನಲ್ಲಿ ಬರೆದು ಕೊಡ್ತೀರಾ? ಬಾಯಿಮಾತಿನ ಹೈಬ್ರಿಡ್ ಮ್ಯಾನೇಜರ್ ಬದಲಾದ ದಿನ ಮುಗಿಯುತ್ತೆ. ಇಮೇಲ್ ಇದ್ದರೂ ಕಂಪನಿ ನೀತಿ ಬದಲಾಗಬಹುದು, ಆದರೆ ಮಾತಾಡೋಕೆ ಒಂದು ಆಧಾರ ಇರುತ್ತೆ.

ರಿಲೊಕೇಶನ್ ಹಣ, ಜಾಯಿನಿಂಗ್ ಬೋನಸ್ ತಗೊಂಡು ಒಂದು ವರ್ಷದೊಳಗೆ ಬಿಟ್ಟರೆ ಎಷ್ಟು ವಾಪಸ್ ಕೊಡಬೇಕು? ತೆರಿಗೆ ಕಳೆದು ಕೈಗೆ ಬಂದಷ್ಟಾ, ಪೂರ್ತಿಯಾ? ನೋಟಿಸ್ ಪೀರಿಯಡ್ ಎಷ್ಟು? ಬೇರೆ ಊರಿಗೆ ವರ್ಗ ಮಾಡೋ ಹಕ್ಕು ಲೆಟರ್‌ನಲ್ಲಿ ಇದೆಯಾ?

ಹಳೇ ಕಂಪನಿ ಬಿಡೋ ತಾರೀಖನ್ನೂ ನೋಡಿಕೊಳ್ಳಿ. ಕಾಯಂ ಉದ್ಯೋಗಿಗೆ ಗ್ರಾಚ್ಯುಟಿ ಸಿಗೋಕೆ ಸಾಮಾನ್ಯವಾಗಿ ಐದು ವರ್ಷ ಸೇವೆ ಆಗಿರಬೇಕು. ಬೇಸಿಕ್ ತಿಂಗಳಿಗೆ 54,000 ಇದ್ದರೆ, 15 ಭಾಗಿಸು 26, ಇಂಟು ಐದು ವರ್ಷ, ಅಂದರೆ ಒಂದೂವರೆ ಲಕ್ಷಕ್ಕೂ ಮೇಲೆ. ನಿಮಗೆ ನಾಲ್ಕು ವರ್ಷ ಹತ್ತು ತಿಂಗಳು ಆಗಿದ್ದರೆ ಅರವತ್ತು ದಿನದ ನೋಟಿಸ್ ಪೂರ್ತಿ ಮಾಡಿಯೇ ಬಿಡಿ. ಹೊಸ ಕಂಪನಿ ಬೇಗ ಬನ್ನಿ ಅಂತ ಒತ್ತಾಯ ಮಾಡಿದರೆ ಈ ಲೆಕ್ಕ ತೋರಿಸಿ. ಪಿಎಫ್ ಹಣ ತೆಗೀಬೇಡಿ, ಅದೇ ಯುಎಎನ್ ಅಡಿ ವರ್ಗಾಯಿಸಿ. ಐದು ವರ್ಷದ ಸತತ ಸೇವೆಗೆ ಮೊದಲು ತೆಗೆದರೆ ತೆರಿಗೆ ಬೀಳುತ್ತೆ. ಅಪ್ಪ ಅಮ್ಮನ ಆರೋಗ್ಯ ವಿಮೆ ಕಂಪನಿಯ ಹೆಸರಲ್ಲಿದ್ದರೆ ನಿಮ್ಮ ಕೊನೆ ದಿನಕ್ಕೇ ಅದೂ ಮುಗಿಯುತ್ತೆ. ಹೊಸ ಕಂಪನಿಯ ವಿಮೆ ಅವರನ್ನ ಸೇರಿಸಿಕೊಳ್ಳುತ್ತಾ, ಮೊದಲ ದಿನದಿಂದಲೇನಾ ಅಂತ ಕೇಳಿ.

ಅಮ್ಮನ ಷರತ್ತು

ನನ್ನ ಮೂರನೇ ದಾರಿ ನಿಂತಿರೋದು ಅಮ್ಮನ ಮೇಲೆ. ಹಾಗಾಗಿ ಎಚ್‌ಆರ್‌ಗೆ ಉತ್ತರ ಬರೆಯೋ ಮೊದಲು ಅಮ್ಮನ ಹತ್ರ ಕೂತೆ.

ಮೊದಲು ಎಲ್ಲ ಅಮ್ಮಂದಿರ ಮಾತು: "ನಮ್ಮ ಯೋಚನೆ ಬಿಡೇ. ಮೊಮ್ಮಗಳನ್ನ ನೋಡ್ಕೊಳ್ಳೋದು ಕಷ್ಟಾನಾ?"

"ಹಾಗಲ್ಲಮ್ಮ, ನಿಜ ಹೇಳು. ವಾರಕ್ಕೆ ಎರಡು ರಾತ್ರಿ, ಎರಡು ವರ್ಷ. ನಿಂಗೇನು ಬೇಕು?"

ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಒಂದೊಂದೇ ಹೇಳಿದ್ರು. ಬುಧವಾರ ಸಂಜೆ ವೀಣೆ ಕ್ಲಾಸು ಬಿಡಲ್ಲ, ಅವತ್ತು ಅಳಿಯಂದಿರು ಐದು ಗಂಟೆಗೇ ಬರಬೇಕು. ಮಂಡಿ ನೋವಿದೆ, ಮಗು ಹಿಂದೆ ಓಡೋಕಾಗಲ್ಲ, ಮಧ್ಯಾಹ್ನ ಸಹಾಯಕ್ಕೆ ಒಬ್ಬರು ಬೇಕು. ವರ್ಷಕ್ಕೊಂದು ಸಲ ಹದಿನೈದು ದಿನ ಅಕ್ಕನ ಮನೆಗೆ ಧಾರವಾಡಕ್ಕೆ ಹೋಗ್ತೀನಿ, ಆಗ ನೀನು ರಜೆ ಹಾಕಬೇಕು. ಕೊನೆಯದು: "ನಂಗೆ ಆಗ್ತಿಲ್ಲ ಅಂದ ದಿನ, ಯಾಕೆ ಅಂತ ಕೇಳ್ಬಾರ್ದು."

ಆ ಆರು ಸಾವಿರ ಲೆಕ್ಕಕ್ಕೆ ಬಂದದ್ದು ಹೀಗೆ. ನಮ್ಮ ಮನೆಗಳಲ್ಲಿ ಅಜ್ಜಿ ತಾತನ ದುಡಿಮೆಗೆ ಬೆಲೆ ಇಲ್ಲ ಅಂತಲ್ಲ, ಬೆಲೆ ಕೇಳೋದೇ ಇಲ್ಲ. ಬೆಂಗಳೂರಿನ ಡೇ ಕೇರ್ ಹನ್ನೆರಡು ಸಾವಿರ ಅಂತ ಬೋರ್ಡ್ ಹಾಕಿರುತ್ತೆ. ಗೋಕುಲಂನ ಅಜ್ಜಿ ಬೋರ್ಡ್ ಹಾಕಲ್ಲ. ಆದರೆ ಊರು ಬಿಡೋ, ಬಿಡದಿರೋ ತೀರ್ಮಾನದಲ್ಲಿ ಬಹಳ ಸಲ ದೊಡ್ಡ ಅಂಕಿ ಅದೇ ಇರುತ್ತೆ.

ನೆಂಟರಿಂದ ಬಂದ ಪ್ರಶ್ನೆ ಒಂದೇ. "ಅಷ್ಟು ಚಿಕ್ಕ ಮಗು ಬಿಟ್ಟು ಹೋಗ್ತೀಯಾ?" ನಮ್ಮ ಬೀದಿಯಲ್ಲೇ ಸೋಮವಾರ ಹೋಗಿ ಶುಕ್ರವಾರ ಬರೋ ಅಪ್ಪಂದಿರು ಇಬ್ಬರಿದ್ದಾರೆ. ಅವರನ್ನ ಯಾರೂ ಹೀಗೆ ಕೇಳಿದ್ದು ನಾನು ನೋಡಿಲ್ಲ. ಉತ್ತರ ಗಂಡನೇ ಕೊಟ್ರು: "ಮಗು ಬಿಟ್ಟು ಹೋಗ್ತಿಲ್ಲ, ನನ್ನ ಹತ್ರ ಬಿಟ್ಟು ಹೋಗ್ತಿದಾಳೆ."

ವಾಪಸ್ ಬರೋ ದಾರಿ

ಹೋಗೋ ಮೊದಲೇ ನಾವಿಬ್ಬರೂ ಕೂತು ಮೂರು ಸಾಲು ಬರೆದಿಟ್ಟಿದ್ದೀವಿ. ಆಫೀಸು ವಾರಕ್ಕೆ ಐದು ದಿನ ಆದರೆ ಬಿಡೋದು. ಒಂಬತ್ತು ತಿಂಗಳೊಳಗೆ ಅವರು ಹೇಳಿದ ಕೆಲಸ ಕೊಡದೆ ಮತ್ತೆ ಸಪೋರ್ಟಿಗೇ ಹಾಕಿದರೆ ಬಿಡೋದು. ಅಮ್ಮ ಆಗ್ತಿಲ್ಲ ಅಂದರೆ ಬಿಡೋದು. ಇವು ಯಾವುವೂ ಆಗದಿದ್ದರೂ ಒಂದು ಕೊನೆಯ ತಾರೀಖಿದೆ. ಮಗಳಿಗೆ ಆರು ತುಂಬಿ ಒಂದನೇ ಕ್ಲಾಸಿಗೆ ಸೇರಿಸೋ ಮೊದಲು ಎಲ್ಲರೂ ಯಾವ ಊರಲ್ಲಿ ಇರೋದು ಅಂತ ಹೊಸದಾಗಿ ತೀರ್ಮಾನ. ಒಂದು ಸಲ ಶಾಲೆ ಶುರುವಾದ ಮೇಲೆ ಊರು ಬದಲಾಯಿಸೋದು ಮಗುವಿಗೂ ಕಷ್ಟ, ಫೀಸಿಗೂ ಕಷ್ಟ.

ಹಳೇ ಕಂಪನಿಯಲ್ಲಿ ನೋಟಿಸ್ ಪೂರ್ತಿ ಮಾಡಿದೆ, ಕೆಲಸ ಸರಿಯಾಗಿ ಒಪ್ಪಿಸಿದೆ, ರಿಲೀವಿಂಗ್ ಲೆಟರ್ ತಗೊಂಡೆ. ಗೋಕುಲಂನ ಬಾಡಿಗೆ ಮನೆ ಬಿಟ್ಟಿಲ್ಲ. ಮೂರು ತಿಂಗಳ ಮನೆ ಖರ್ಚು ಬೇರೆ ಖಾತೆಯಲ್ಲಿದೆ, ಅದನ್ನ ಮುಟ್ಟೋ ಹಾಗಿಲ್ಲ. ವಾಪಸ್ ಬರೋಕೆ ಎಷ್ಟು ಖರ್ಚಾಗುತ್ತೆ ಅಂತ ಗೊತ್ತಿದ್ದರೆ ಹೋಗೋ ಹೆಜ್ಜೆ ಅಷ್ಟು ಭಾರ ಇರಲ್ಲ. ಮನೆ ಮಾರಿ, ಗಂಡನ ಕೆಲಸ ಬಿಡಿಸಿ, ಸಾಲ ಮಾಡಿ ಅಡ್ವಾನ್ಸ್ ಕೊಟ್ಟು ಹೋದವರಿಗೆ ಕೆಲಸ ಹಿಡಿಸದಿದ್ದರೂ ಅಲ್ಲೇ ಇರಬೇಕಾಗುತ್ತೆ. ಎರಡು ಆಫರ್ ಕೈಯಲ್ಲಿದ್ದರೆ ಸಂಬಳ ಹೆಚ್ಚಿರೋದಕ್ಕಿಂತ ವಾಪಸ್ ಬರೋಕೆ ಸುಲಭ ಇರೋದನ್ನ ಮೊದಲು ನೋಡಿ ಅಂತ ನಾನು ಹೇಳೋದು ಇದಕ್ಕೇ.

ಮದುವೆ ಆಗದ ಇಪ್ಪತ್ನಾಲ್ಕರ ಹುಡುಗನಿಗೆ ಈ ಲೆಕ್ಕ ಬೇರೆ ಬರುತ್ತೆ. ಅವನ ವಾಪಸ್ ದಾರಿ ಒಂದು ಸೂಟ್‌ಕೇಸು, ಒಂದು ಬಸ್ ಟಿಕೆಟ್ಟು. ಕಲಿಯೋದು ಸಿಕ್ಕರೆ ಅವನು ಹೆಚ್ಚು ಯೋಚನೆ ಮಾಡದೆ ಹೋಗಬಹುದು. ಅಪ್ಪ ಅಮ್ಮನಿಗೆ ಹುಷಾರಿಲ್ಲದ ಒಬ್ಬಳೇ ಮಗಳಿಗೆ ಇನ್ನೊಂದು ಲೆಕ್ಕ. ಅವಳು ಹೋಗದಿದ್ದರೆ ಅದು ಹೆದರಿಕೆ ಅಲ್ಲ. ಬೇಡ ಅಂತ ತೀರ್ಮಾನಿಸಿದವರೂ ಕಾರಣವನ್ನ ಒಂದು ವಾಕ್ಯದಲ್ಲಿ ಬರೆದಿಡಿ. ಮುಂದಿನ ವರ್ಷ ಗೆಳೆಯರ ಹೈಕ್ ಕೇಳಿ ಹೊಟ್ಟೆ ಉರಿದಾಗ ತೆಗೆದು ಓದೋಕೆ ಬೇಕಾಗುತ್ತೆ.

ಈಗ ಐದು ತಿಂಗಳಾಯ್ತು. ಕೆಲಸ ಅವರು ಹೇಳಿದ್ದೇ ಕೊಟ್ಟಿದ್ದಾರೆ. ಪಿಜಿಯ ಸಾಂಬಾರು ಸಿಹಿ, ಬುಧವಾರ ರಾತ್ರಿ ಹತ್ತು ಗಂಟೆಗೆ ಬರೋ ಬೇಜಾರಿಗೆ ಇನ್ನೂ ಮದ್ದು ಸಿಕ್ಕಿಲ್ಲ. ಮಗಳು ವಾರದ ಹೆಸರುಗಳನ್ನ ಸ್ಕೂಲಿಗಿಂತ ಮೊದಲೇ ಕಲಿತಳು. ಸೋಮವಾರ ಮಲಗೋವಾಗ ಕೇಳ್ತಾಳೆ, "ನಾಳೆ ಮಂಗಳವಾರನಾ?" ಹೌದು ಅಂತ ಹೇಳ್ತೀನಿ, ಗುರುವಾರ ಯಾವಾಗ ಅಂತ ಬೆರಳು ಮಡಚಿ ತೋರಿಸ್ತೀನಿ. ಮೂರು ಬೆರಳು. ಅವಳು ಎಣಿಸಿ ನೋಡಿ ಮಲಗ್ತಾಳೆ.